ಕಣ್ಣೆದುರಿನ ಚಲನೆಯಿಂದ ಬರುವ ತಲೆಸುತ್ತು: ಮನೆಯಲ್ಲಿಯೇ ಮಾಡಬಹುದಾದ ಅಭ್ಯಾಸಗಳು

ನಾಲೆಗೆ ನೀರು ಬಿಟ್ಟು ಗದ್ದೆಗಳಲ್ಲಿ ನಾಟಿ ನಡೆಯುತ್ತಿದ್ದ ದಿನಗಳು. ಮಿರ್ಲೆಯ ಸಮೀಪದ ಹಳ್ಳಿಯೊಂದರ ತಾಯಿಯೊಬ್ಬರು ಮಗನ ಕೈ ಹಿಡಿದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು 58. ಮದುವೆಯಾಗಿ ಬಂದ ದಿನದಿಂದಲೂ ತಲೆಯ ಮೇಲೆ ಬುತ್ತಿ ಹೊತ್ತು ನಾಲೆಯ ಕಿರುಸೇತುವೆಯನ್ನು ದಾಟಿ ಗದ್ದೆಗೆ ಹೋಗುತ್ತಿದ್ದವರು. ಈಗ ಅದೇ ಸೇತುವೆಯ ಬಳಿ ನಿಂತರೆ ಕಾಲು ನಡುಗುತ್ತದೆ. "ಹರಿಯೋ ನೀರ ನೋಡುದ್ರೆ, ನೀರು ನಿಂತ್ಕೊಂಡು ನಾನೇ ಹರ್ಕೊಂಡು ಹೋದಂಗಾಯ್ತದೆ ಸ್ವಾಮಿ" ಎಂದರು. ಬಸ್ಸಿನ ಕಿಟಕಿಯ ಪಕ್ಕ ಕೂರಲಾರರು, ಸಂತೆಯ ಜನಜಂಗುಳಿಯಲ್ಲಿ ನಿಲ್ಲಲಾರರು, ಮೊಮ್ಮಗ ಮೊಬೈಲಿನಲ್ಲಿ ಚಿತ್ರಗಳನ್ನು ಸರಸರನೆ ಸರಿಸುತ್ತಿದ್ದರೆ ಪಕ್ಕದಲ್ಲಿ ಕುಳಿತ ಇವರಿಗೆ ಹೊಟ್ಟೆ ತೊಳಸುತ್ತದೆ. ಮನೆಯಲ್ಲಿ ಕೆಲವರು ಇದನ್ನು ಮನಸ್ಸಿನ ಅಂಜಿಕೆ ಎಂದರು, ನೆರೆಯವರು ಗಾಳಿ ಸೋಕಿದೆ ಎಂದರು.

ಅದಕ್ಕೆ ಆರು ತಿಂಗಳ ಮೊದಲು ಅವರಿಗೆ ಜ್ವರ ಬಂದು, ಅದರ ಬೆನ್ನಿಗೇ ಮೂರು ದಿನ ಮನೆಯೇ ಗಿರಗಿರನೆ ತಿರುಗಿದಂತಾಗಿ, ವಾಂತಿಯಾಗಿತ್ತು. ಆಗಲೂ ನನ್ನಲ್ಲಿಗೇ ಬಂದಿದ್ದರು. ಆ ತಿರುಗಾಟ ನಿಂತ ಮೇಲೆ ಉಳಿದ ಈ ತೊಂದರೆಗೆ ನಾನು ಪಿತ್ತಶಮನದ ಔಷಧಿ ಕೊಟ್ಟೆ. "ಅಮ್ಮಾ, ಓಡಾಡಬೇಡಿ, ತಲೆ ಅಲುಗಿಸಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ" ಎಂದು ನಾಲ್ಕು ತಿಂಗಳು ಹೇಳಿದೆ. ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಪಾಲಿಸಿದಷ್ಟೂ ತೊಂದರೆ ಹೆಚ್ಚಿತು. ಆ ವರ್ಷ ಮೊದಲ ಬಾರಿಗೆ ಅವರು ಜಾತ್ರೆಗೆ ಹೋಗಲಿಲ್ಲ. ನನ್ನ ಆ ಸಲಹೆ ತಪ್ಪಾಗಿತ್ತು ಎಂಬುದು ಅವರನ್ನು ಮೈಸೂರಿಗೆ ಪರೀಕ್ಷೆಗೆ ಕಳುಹಿಸಿದ ಬಳಿಕವೇ ನನಗೆ ತಿಳಿಯಿತು. ಅವರಿಗೆ ಬೇಕಾಗಿದ್ದುದು ಅಳತೆಯರಿತ ಚಲನೆ. ಅಂದು ನಾನು ಕಲಿತದ್ದನ್ನು, ಆ ಬಳಿಕ ಅನೇಕ ರೋಗಿಗಳಲ್ಲಿ ಕಂಡದ್ದನ್ನು ಸದ್ಭಕ್ತರ ಮುಂದೆ ಇಡುತ್ತಿದ್ದೇನೆ.

ದೇಹವು ಸಮತೋಲವನ್ನು ಕಾಯುವ ಬಗೆ

ನಾವು ಬೀಳದೆ ನಿಲ್ಲುವುದು, ನಡೆಯುವುದು ಮೂರು ಸಾಕ್ಷಿಗಳ ಬಲದಿಂದ. ಮೊದಲನೆಯದು ಒಳಕಿವಿ. ಪ್ರತಿಯೊಂದು ಒಳಕಿವಿಯಲ್ಲಿಯೂ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆ ಯಾವ ದಿಕ್ಕಿಗೆ ತಿರುಗಿತು ಎಂಬುದನ್ನು ಅವು ತಿಳಿಸುತ್ತವೆ. ಅವುಗಳ ಬುಡದಲ್ಲಿರುವ ಎರಡು ಚಿಕ್ಕ ಚೀಲಗಳಲ್ಲಿ ಸುಣ್ಣದ ಅತಿ ಸೂಕ್ಷ್ಮ ಹರಳುಗಳಿವೆ. ತಲೆ ವಾಲಿತೇ, ದೇಹ ಮುಂದಕ್ಕೆ ಸಾಗಿತೇ ಎಂಬುದನ್ನು ಅವು ಅರುಹುತ್ತವೆ. ಎರಡನೆಯ ಸಾಕ್ಷಿ ಕಣ್ಣು. ಮೂರನೆಯದು ಅಂಗಾಲು, ಕೀಲು, ಸ್ನಾಯು ಮತ್ತು ಕತ್ತಿನಿಂದ ಬರುವ ಅರಿವು. ಈ ಮೂವರ ಹೇಳಿಕೆಗಳನ್ನು ಮಿದುಳು ಕ್ಷಣಕ್ಷಣವೂ ತಾಳೆ ನೋಡುತ್ತಿರುತ್ತದೆ. ಮೂರೂ ಒಂದನ್ನೇ ಹೇಳಿದರೆ ನಮಗೆ ಸಮತೋಲದ ನೆನಪೇ ಇರುವುದಿಲ್ಲ. ಒಂದರ ಮಾತು ಇನ್ನೊಂದಕ್ಕೆ ಹೊಂದದಿದ್ದಾಗ ತಲೆಸುತ್ತು, ಓಲಾಟ, ವಾಕರಿಕೆ ಕಾಣಿಸಿಕೊಳ್ಳುತ್ತವೆ.

ಕೃಷ್ಣರಾಜನಗರದ ರೈಲು ನಿಲ್ದಾಣದಲ್ಲಿ ನಿಂತ ಗಾಡಿಯೊಳಗೆ ಕುಳಿತಿದ್ದೀರಿ ಎನ್ನಿ. ಪಕ್ಕದ ಹಳಿಯ ಗಾಡಿ ಹೊರಟಾಗ ನಮ್ಮ ಗಾಡಿಯೇ ಹೊರಟಿತೆಂದು ಒಂದು ಗಳಿಗೆ ಯಾರಿಗಾದರೂ ಅನಿಸುತ್ತದೆ. ಕಣ್ಣು 'ಹೊರಟೆವು' ಎನ್ನುತ್ತದೆ. ಒಳಕಿವಿ ಮತ್ತು ಮೈ 'ಇಲ್ಲ, ಕುಳಿತಿದ್ದೇವೆ' ಎನ್ನುತ್ತವೆ. ಆರೋಗ್ಯವಂತರ ಮಿದುಳು ಮರುಗಳಿಗೆಯೇ ಕಣ್ಣಿನ ತಪ್ಪನ್ನು ತಿದ್ದುತ್ತದೆ.

ಒಳಕಿವಿಗೆ ಅಥವಾ ಅದರ ನರಕ್ಕೆ ಪೆಟ್ಟಾದವರ ಸ್ಥಿತಿ ಬೇರೆ. ವೈರಾಣುವಿನ ಸೋಂಕು, ಒಳಕಿವಿಯ ಹರಳು ಜಾರುವುದು, ತಲೆಗೆ ಬಿದ್ದ ಏಟು, ಅರೆತಲೆನೋವು ಮುಂತಾದ ಕಾರಣಗಳಿಂದ ಒಮ್ಮೆ ತೀವ್ರ ತಲೆಸುತ್ತು ಬಂದಾಗ ಕಿವಿಯ ಸಾಕ್ಷ್ಯದ ಮೇಲೆ ಮಿದುಳಿಗೆ ನಂಬಿಕೆ ತಪ್ಪುತ್ತದೆ. ಆಗ ಅದು ಕಣ್ಣನ್ನೇ ಅತಿಯಾಗಿ ನೆಚ್ಚಿಕೊಳ್ಳುತ್ತದೆ. ಕಾಯಿಲೆ ಗುಣವಾದ ಮೇಲೂ ಕೆಲವರಲ್ಲಿ ಈ ನೆಚ್ಚಿಕೆ ಅಭ್ಯಾಸವಾಗಿ ಉಳಿಯುತ್ತದೆ. ಅಂಥವರ ಕಣ್ಣೆದುರು ಏನು ಚಲಿಸಿದರೂ, ಚಲಿಸಿದ್ದು ತಾವೇ ಎಂಬ ಭಾವನೆ ಬರುತ್ತದೆ. ಹರಿಯುವ ನೀರು, ಸಾಲು ವಾಹನಗಳು, ಗಾಳಿಗೆ ಅಲೆಯಾಡುವ ಭತ್ತದ ಪೈರು, ತಿರುಗುವ ಫ್ಯಾನು, ರಥದ ಹಿಂದಿನ ಜನಸಂದಣಿ ಇವೆಲ್ಲವೂ ತೊಂದರೆ ಕೊಡುತ್ತವೆ. ಚಲಿಸದಿದ್ದರೂ ಕಣ್ಣನ್ನು ತುಂಬುವ ಪಟ್ಟೆ, ಚೌಕಳಿ, ಹೂಬಳ್ಳಿಗಳ ನೆಲಹಾಸು, ಬಟ್ಟೆ ಅಂಗಡಿಯ ಸೀರೆಯ ರಾಶಿ ಕೂಡ ಸಾಕು.

ಲಂಡನ್ನಿನ ನರವೈದ್ಯ ಅಡಾಲ್ಫೊ ಬ್ರಾನ್‌ಸ್ಟೈನ್ ಅವರು 1995ರಲ್ಲಿ ಇದನ್ನು 'ದೃಷ್ಟಿಜನ್ಯ ತಲೆಸುತ್ತು' ಎಂಬರ್ಥದ ಹೆಸರಿನಿಂದ ವಿವರಿಸಿದರು. ಒಳಕಿವಿಯ ಸಮತೋಲಾಂಗದ ಅಧ್ಯಯನಕ್ಕಾಗಿ 1914ರ ನೊಬೆಲ್ ಪ್ರಶಸ್ತಿ ಪಡೆದ ರಾಬರ್ಟ್ ಬರಾನಿಯವರ ಹೆಸರಿನಲ್ಲಿರುವ ಅಂತರರಾಷ್ಟ್ರೀಯ ವೈದ್ಯಸಂಘವು 2017ರಲ್ಲಿ ದೀರ್ಘಕಾಲಿಕ ತಲೆಸುತ್ತಿನ ಒಂದು ಬಗೆಗೆ ಲಕ್ಷಣಗಳನ್ನು ನಿರ್ದೇಶಿಸಿತು. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬಹುತೇಕ ದಿನಗಳಲ್ಲಿ ಓಲಾಟವಿರುವುದು, ನಿಂತಾಗ, ಅಲುಗಿದಾಗ ಮತ್ತು ಚಲಿಸುವ ದೃಶ್ಯ ಕಂಡಾಗ ಅದು ಹೆಚ್ಚುವುದು ಆ ಲಕ್ಷಣಗಳಲ್ಲಿ ಮುಖ್ಯವಾದವು. ಆದುದರಿಂದ ಇದು ನಟನೆಯೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಅಂಜಿಕೆಯು ಇದನ್ನು ಹೆಚ್ಚಿಸಬಲ್ಲದು, ನಿಜ. ಆದರೆ ನೆಲ ಓಲಾಡಿದಂತಾದರೆ ಅಂಜದವರು ಯಾರು?

ಆಯುರ್ವೇದದ ದೃಷ್ಟಿ

ನಮ್ಮ ಶಾಸ್ತ್ರದಲ್ಲಿ ಇದು 'ಭ್ರಮ'ದ ವ್ಯಾಪ್ತಿಗೆ ಬರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನವು ಎಂಬತ್ತು ವಾತವಿಕಾರಗಳ ಪಟ್ಟಿಯಲ್ಲಿ ಭ್ರಮವನ್ನು ಸೇರಿಸಿದೆ. ಮಾಧವನಿದಾನವು ರಜೋಗುಣ, ಪಿತ್ತ ಮತ್ತು ವಾತ ಈ ಮೂರರಿಂದ ಭ್ರಮ ಹುಟ್ಟುತ್ತದೆಂದೂ, ರೋಗಿಗೆ ದೇಹವು ಚಕ್ರದಂತೆ ತಿರುಗಿದಂತಾಗಿ ನೆಲಕ್ಕೆ ಬೀಳುವನೆಂದೂ ಹೇಳುತ್ತದೆ. ವಾತದ ಸಹಜ ಗುಣವೇ ಚಲನೆ. ರಜಸ್ಸಿನ ಸ್ವಭಾವ ಚಾಂಚಲ್ಯ. ಈ ಎರಡೂ ಅತಿಯಾದ ಕಡೆ ಸ್ಥಿರತೆಯನ್ನು ಕ್ರಮಕ್ರಮವಾಗಿ ಮರಳಿ ಕಲಿಸಬೇಕು. ಔಷಧಿಯು ದೋಷವನ್ನು ಶಮನಗೊಳಿಸಬಹುದು. ಕಣ್ಣು, ಕಿವಿ, ಕಾಲುಗಳ ಹೊಂದಾಣಿಕೆಯನ್ನು ಅಭ್ಯಾಸವೇ ಕಲಿಸಬೇಕು.

ಇಂತಹ ಅಭ್ಯಾಸಗಳ ಆಧುನಿಕ ಕ್ರಮವೊಂದು ರೂಪುಗೊಂಡದ್ದು 1940ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ. ಕಿವಿಯ ಶಸ್ತ್ರವೈದ್ಯ ಕಾಥಾರ್ನ್ ಮತ್ತು ವ್ಯಾಯಾಮ ಚಿಕಿತ್ಸೆಯ ವೈದ್ಯ ಕುಕ್ಸೆ ಅವರು, ತಲೆಗೆ ಪೆಟ್ಟು ಬಿದ್ದ ಹಾಗೂ ಒಳಕಿವಿಯ ತೊಂದರೆಯಿದ್ದ ರೋಗಿಗಳು ಹಾಸಿಗೆ ಬಿಟ್ಟು ತಲೆ, ಕಣ್ಣು, ದೇಹವನ್ನು ಚಲಿಸಿದಷ್ಟೂ ಬೇಗ ಚೇತರಿಸಿಕೊಳ್ಳುವುದನ್ನು ಕಂಡು ಅದನ್ನು ಕ್ರಮಬದ್ಧಗೊಳಿಸಿದರು. ಚಲಿಸುವ ದೃಶ್ಯಗಳನ್ನು ಬೇಕೆಂದೇ ಅಳತೆಯಾಗಿ ನೋಡಿಸುವ ಅಭ್ಯಾಸ ಮುಂದೆ ಇದಕ್ಕೆ ಸೇರಿತು.

ಮೊದಲು ರೋಗನಿರ್ಣಯ, ಆಮೇಲೆ ಅಭ್ಯಾಸ

ತಲೆಸುತ್ತು ಎಂಬ ಒಂದೇ ಮಾತಿನಲ್ಲಿ ಹಲವು ಕಾಯಿಲೆಗಳು ಅಡಗಿವೆ. ಕೆಳಗಿನ ಯಾವುದೇ ಲಕ್ಷಣವಿದ್ದರೆ ಮನೆಯ ಅಭ್ಯಾಸಕ್ಕೆ ಕೈ ಹಾಕದೆ, 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

• ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಅಥವಾ ಜೋಮು ಹಿಡಿಯುವುದು.
• ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು.
• ಹಿಂದೆಂದೂ ಬಾರದ ತೀವ್ರ ತಲೆನೋವು.
• ಆಸರೆಯಿಲ್ಲದೆ ನಿಲ್ಲಲು, ನಡೆಯಲು ಸಾಧ್ಯವೇ ಆಗದಿರುವುದು.
• ಎದೆನೋವು, ಎದೆ ಹಾರಿಕೆ, ಪ್ರಜ್ಞೆ ತಪ್ಪುವುದು.
• ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾಗುವುದು.

ಇನ್ನು ಕೆಲವು ಬಗೆಗಳಿಗೆ ಚಿಕಿತ್ಸೆಯೇ ಬೇರೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದತ್ತ ತಲೆಯೆತ್ತಿದಾಗ ಒಂದು ನಿಮಿಷದೊಳಗೆ ಮುಗಿಯುವ ತೀವ್ರ ತಿರುಗಾಟ ಬಂದರೆ ಅದು ಸಾಮಾನ್ಯವಾಗಿ ಒಳಕಿವಿಯ ಹರಳು ಜಾರಿದ್ದರಿಂದ. ತಜ್ಞರು ತಲೆಯನ್ನು ನಿರ್ದಿಷ್ಟ ಕ್ರಮದಲ್ಲಿ ತಿರುಗಿಸಿ ಅದನ್ನು ಸರಿಪಡಿಸುತ್ತಾರೆ. ಹೆಚ್ಚಿನವರಿಗೆ ಒಂದೆರಡು ಭೇಟಿಗಳಲ್ಲಿ ಗುಣವಾಗುತ್ತದೆ. ಕುಳಿತವರು ಎದ್ದೊಡನೆ ಕಣ್ಣು ಕತ್ತಲಿಡುವುದು ರಕ್ತದೊತ್ತಡ ಇಳಿದದ್ದರ ಗುರುತು. ರಕ್ತಹೀನತೆ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರ ಇಳಿಯುವುದು, ಪೊರೆ ಬಂದ ಕಣ್ಣು, ಹೊಸದಾಗಿ ಹಾಕಿಸಿದ ಕನ್ನಡಕ ಇವುಗಳನ್ನೂ ನೋಡಬೇಕು. ನಮ್ಮ ಭಾಗದವರಿಗೆ ಒಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಮತ್ತು ಸಮತೋಲದ ಪರೀಕ್ಷೆಗಳು ನಡೆಯುತ್ತವೆ. ನಿಮ್ಮ ವೈದ್ಯರ ಸಲಹೆ ಪಡೆದು ಅಲ್ಲಿಗೆ ಹೋಗಬಹುದು.

ಅಭ್ಯಾಸದ ನಿಯಮಗಳು

1. ಸ್ವಲ್ಪ ತಲೆಸುತ್ತು ಬರಲೇಬೇಕು. ತೊಂದರೆಯೇ ಆಗದಷ್ಟು ಹಗುರವಾದ ಅಭ್ಯಾಸದಿಂದ ಮಿದುಳು ಏನನ್ನೂ ಕಲಿಯದು. ಸೊನ್ನೆಯಿಂದ ಹತ್ತರವರೆಗೆ ಒಂದು ಅಳತೆಗೋಲನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸೊನ್ನೆಯೆಂದರೆ ಏನೂ ಇಲ್ಲ. ಹತ್ತೆಂದರೆ ತಡೆಯಲಾಗದ ತಲೆಸುತ್ತು. ಅಭ್ಯಾಸದ ವೇಳೆ ಮೂರು ಅಥವಾ ನಾಲ್ಕರವರೆಗೆ ಏರಿದರೆ ಸಾಕು. ಐದನ್ನು ದಾಟಿದರೆ ನಿಲ್ಲಿಸಿ.

2. ಅಭ್ಯಾಸ ಮುಗಿದ 15–20 ನಿಮಿಷಗಳಲ್ಲಿ ಮೊದಲಿನ ಸ್ಥಿತಿಗೆ ಮರಳಬೇಕು. ತಾಸುಗಟ್ಟಲೆ ಉಳಿದರೆ ಮರುದಿನ ವೇಗವನ್ನೋ ಸಮಯವನ್ನೋ ಅರ್ಧಕ್ಕೆ ಇಳಿಸಿ. ಅಭ್ಯಾಸವನ್ನೇ ಬಿಡಬೇಡಿ.

3. ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ ದಿನಕ್ಕೆ ಮೂರು ಬಾರಿ ಐದೈದು ನಿಮಿಷ ಮಾಡುವುದು ಒಳ್ಳೆಯದು.

4. ಊಟವಾದ ಕೂಡಲೇ ಬೇಡ. ಬರಿ ಹೊಟ್ಟೆಯಲ್ಲಿಯೂ ಬೇಡ.

5. ನಿಂತು ಮಾಡುವಾಗ ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಮುಂದೆ ಗಟ್ಟಿ ಕುರ್ಚಿ ಇಟ್ಟುಕೊಳ್ಳಿ. ವಯಸ್ಸಾದವರು ಒಬ್ಬರೇ ಮಾಡಬಾರದು.

6. ಕತ್ತಿನ ತೀವ್ರ ನೋವಿರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಮೂರ್ಛೆರೋಗ ಇರುವವರು ಮಿನುಗುವ, ಪಟ್ಟೆಪಟ್ಟೆಯಾಗಿ ಓಡುವ ದೃಶ್ಯಗಳ ಅಭ್ಯಾಸವನ್ನು ಮಾಡಬಾರದು.

ಅಭ್ಯಾಸ 1: ಪಾದದ ಅರಿವು

ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕುಳಿತು ಬರಿಗಾಲನ್ನು ನೆಲಕ್ಕೆ ಊರಿ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಈ ಮೂರು ಕಡೆಯ ಒತ್ತನ್ನು ಗಮನಿಸಿ. ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎಳೆದುದಕ್ಕಿಂತ ದೀರ್ಘವಾಗಿ ಬಿಡಿ. ಒಂದು ನಿಮಿಷ ಸಾಕು. ಕಣ್ಣು ಹೇಳುವುದಷ್ಟೇ ನಿಜವಲ್ಲ, ನೆಲ ನನ್ನ ಕಾಲ ಕೆಳಗೆ ಅಲುಗದೆ ಇದೆ ಎಂದು ಮಿದುಳಿಗೆ ನೆನಪಿಸುವುದು ಇದರ ಉದ್ದೇಶ. ಮುಂದಿನ ಪ್ರತಿಯೊಂದು ಅಭ್ಯಾಸವೂ ಇದರಿಂದಲೇ ಆರಂಭವಾಗಬೇಕು. ತೊಂದರೆ ಹೆಚ್ಚಾದಾಗ ಇದಕ್ಕೇ ಮರಳಬೇಕು.

ಅಭ್ಯಾಸ 2: ದೃಷ್ಟಿಸ್ಥಿರತೆ

ಬಿಳಿಯ ಕಾಗದದ ಚೀಟಿಯ ಮೇಲೆ ಒಂದು ಅಂಗುಲದಷ್ಟು ದೊಡ್ಡದಾಗಿ 'ಅ' ಎಂದು ಬರೆದು, ಕುಳಿತಾಗ ಕಣ್ಣಿನ ಮಟ್ಟಕ್ಕೆ ಬರುವಂತೆ ಖಾಲಿ ಗೋಡೆಗೆ ಅಂಟಿಸಿ. ಮೂರು ಅಡಿ ದೂರದಲ್ಲಿ ಕುಳಿತು ದೃಷ್ಟಿಯನ್ನು ಅಕ್ಷರದ ಮೇಲೆ ನೆಡಿ. ಈಗ ದೃಷ್ಟಿ ಕದಲದಂತೆ ತಲೆಯನ್ನು ಮಾತ್ರ 'ಬೇಡ' ಎನ್ನುವಂತೆ ಎಡಕ್ಕೂ ಬಲಕ್ಕೂ ತುಸುವೇ ತಿರುಗಿಸಿ. ಅಕ್ಷರ ಸ್ಪಷ್ಟವಾಗಿ ಕಾಣುವಷ್ಟೇ ವೇಗವಿರಲಿ, ಮಸುಕಾದರೆ ನಿಧಾನಿಸಿ. ಅರ್ಧ ನಿಮಿಷ ಮಾಡಿ, ವಿಶ್ರಮಿಸಿ, ಬಳಿಕ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ಅರ್ಧ ನಿಮಿಷ ಮಾಡಿ. ಕ್ರಮೇಣ ಒಂದೊಂದು ನಿಮಿಷಕ್ಕೆ ಏರಿಸಿ.

ತಲೆ ಬಲಕ್ಕೆ ತಿರುಗಿದೊಡನೆ ಕಣ್ಣುಗುಡ್ಡೆಗಳು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ಸರಿದು ನೋಟವನ್ನು ನಿಲ್ಲಿಸುತ್ತವೆ. ಒಳಕಿವಿಯಿಂದ ಕಣ್ಣಿಗೆ ಸಾಗುವ ಈ ಆಜ್ಞೆಗೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಸಾಕು. ಪೆಟ್ಟಾದ ಕಿವಿಯಲ್ಲಿ ಈ ಹೊಂದಾಣಿಕೆ ಸಡಿಲಗೊಂಡಿರುತ್ತದೆ. ಅಭ್ಯಾಸವು ಅದನ್ನು ಬಿಗಿಗೊಳಿಸುತ್ತದೆ.

ಎಡ ಅಂಗೈಯ ಮೇಲಿನ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತುಕೊಳ್ಳುವುದು ನಮ್ಮ ಭಕ್ತರಿಗೆ ರೂಢಿಯಾದುದು. ಪೂಜೆಯ ಹೊತ್ತಿನಲ್ಲಿ ತಲೆಸುತ್ತು ಇರುವುದಿಲ್ಲವೆಂದು ಹಲವು ರೋಗಿಗಳು ನನಗೆ ಹೇಳಿದ್ದಾರೆ. ಅಲ್ಲಿ ದೃಷ್ಟಿಯೂ ಸ್ಥಿರ, ತಲೆಯೂ ಸ್ಥಿರ. ಪೂಜೆಯು ಪೂಜೆಯಾಗಿಯೇ ಇರಲಿ; ಅದನ್ನು ವ್ಯಾಯಾಮವಾಗಿಸಬೇಕಿಲ್ಲ. ಆದರೆ ದೃಷ್ಟಿಯನ್ನು ಒಂದೆಡೆ ನಿಲ್ಲಿಸುವ ಆ ರೂಢಿ ಇರುವವರು ಈ ಅಭ್ಯಾಸವನ್ನು ಬೇಗ ಕಲಿಯುತ್ತಾರೆ ಎಂಬುದು ನನ್ನ ಅನುಭವ. ಇಲ್ಲಿನ ಹೊಸ ಸವಾಲು ತಲೆ ಚಲಿಸುವಾಗಲೂ ನೋಟ ನಿಲ್ಲಬೇಕೆಂಬುದು.

ಎರಡು ವಾರಗಳ ಬಳಿಕ ಅದೇ ಚೀಟಿಯನ್ನು ಚೌಕಳಿಯ ಟವೆಲು ಅಥವಾ ಪಟ್ಟೆಯ ಸೀರೆಯನ್ನು ಇಳಿಬಿಟ್ಟು ಅದರ ಮೇಲೆ ಅಂಟಿಸಿ. ಹಿನ್ನೆಲೆ ಕಣ್ಣನ್ನು ಸೆಳೆಯುತ್ತದೆ. ನೋಟವನ್ನು ಅಕ್ಷರದಲ್ಲೇ ಉಳಿಸಿಕೊಳ್ಳಿ.

ಅಭ್ಯಾಸ 3: ಕಣ್ಣಿನ ಓಟ

ಎರಡು ಹೆಬ್ಬೆರಳುಗಳನ್ನು ಒಂದಡಿ ಅಂತರದಲ್ಲಿ ಮುಂದಕ್ಕೆ ಚಾಚಿ ಹಿಡಿಯಿರಿ. ತಲೆ ಅಲುಗದಂತೆ ನೋಟವನ್ನು ಒಂದು ಬೆರಳಿನಿಂದ ಮತ್ತೊಂದಕ್ಕೆ ಹತ್ತು ಬಾರಿ ಹಾರಿಸಿ. ಬಳಿಕ ಒಂದೇ ಹೆಬ್ಬೆರಳನ್ನು ನಿಧಾನವಾಗಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸರಿಸುತ್ತ ಕಣ್ಣಿನಿಂದಲೇ ಹಿಂಬಾಲಿಸಿ. ಕೊನೆಯಲ್ಲಿ ಚಾಚಿದ ಬೆರಳನ್ನೂ ತಲೆಯನ್ನೂ ಒಟ್ಟಿಗೇ ಎಡಬಲಕ್ಕೆ ತಿರುಗಿಸಿ. ಆಗ ಬೆರಳು ನಿಂತಂತೆಯೂ ಹಿಂದಿನ ಕೋಣೆಯೇ ಓಡಿದಂತೆಯೂ ಕಾಣುತ್ತದೆ. ಚಲಿಸುವ ಹಿನ್ನೆಲೆಯನ್ನು ಮಿದುಳಿಗೆ ರೂಢಿ ಮಾಡಿಸಲು ಇದು ಸುಲಭವಾದ ಮೊದಲ ಮೆಟ್ಟಿಲು.

ಅಭ್ಯಾಸ 4: ಚಲಿಸುವ ದೃಶ್ಯ

ಈ ತೊಂದರೆಗೆ ಮುಖ್ಯ ಮದ್ದು ಇದೇ. ಮನೆಯ ವಸ್ತುಗಳೇ ಸಾಕು.

ಕ) ತಂತಿಯ ಮೇಲೆ ಪಟ್ಟೆಯ ಸೀರೆ ಅಥವಾ ಜಮಖಾನವನ್ನು ಅಗಲವಾಗಿ ಇಳಿಬಿಡಿ. ಆರು ಅಡಿ ದೂರದಲ್ಲಿ ಕುಳಿತುಕೊಳ್ಳಿ. ಮನೆಯವರೊಬ್ಬರು ಅದನ್ನು ಎಡಬಲಕ್ಕೆ ನಿಧಾನವಾಗಿ ಸರಿಸುತ್ತಿರಲಿ. ಯಾವ ಒಂದು ಪಟ್ಟೆಯನ್ನೂ ಹಿಂಬಾಲಿಸದೆ ಇಡೀ ಬಟ್ಟೆಯನ್ನು ಅರ್ಧ ನಿಮಿಷ ನೋಡಿ.

ಖ) ಬಣ್ಣಬಣ್ಣದ ಕೊಡೆಯನ್ನು ಬಿಚ್ಚಿ, ಅದರ ಒಳಮೈ ನಿಮಗೆ ಕಾಣುವಂತೆ ಹಿಡಿದು ಹಿಡಿಯನ್ನು ಮೆಲ್ಲಗೆ ತಿರುಗಿಸಿಸಿ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ.

ಗ) ಬಸ್ಸಿನ ಮುಂಗಾಜಿನಿಂದ ರಸ್ತೆಯನ್ನು ಚಿತ್ರಿಸಿದ ವಿಡಿಯೊವನ್ನು ಮೊಬೈಲಿನಲ್ಲಿ ಹಾಕಿ, ಶಬ್ದವಿಲ್ಲದೆ, ಕೈಯಳತೆಯ ದೂರದಲ್ಲಿಟ್ಟು ಒಂದು ನಿಮಿಷ ನೋಡಿ. ಮಗನೋ ಮೊಮ್ಮಗಳೋ ಕೃಷ್ಣರಾಜನಗರಕ್ಕೆ ಹೋಗುವಾಗ ಚಿತ್ರಿಸಿಕೊಂಡು ಬಂದರೂ ಆದೀತು. ಪರಿಚಿತ ದಾರಿಯ ಚಿತ್ರ ಅಂಜಿಕೆ ಕಡಿಮೆ ಮಾಡುತ್ತದೆ. ವಾಹನ ಚಲಾಯಿಸುವವರು ಮಾತ್ರ ಚಿತ್ರಿಸಬಾರದು.

ಇವುಗಳನ್ನು ಕಠಿಣಗೊಳಿಸುವ ಕ್ರಮ ಹೀಗಿದೆ: ಮೊದಲು ಕುಳಿತು, ಆಮೇಲೆ ನಿಂತು, ಆಮೇಲೆ ಪಾದ ಜೋಡಿಸಿ ನಿಂತು, ಆಮೇಲೆ ನಿಂತಲ್ಲೇ ಹೆಜ್ಜೆ ಹಾಕುತ್ತ. ಮೊಬೈಲಿನಿಂದ ಟಿವಿಗೆ, ದೂರದಿಂದ ಹತ್ತಿರಕ್ಕೆ, ನಿಧಾನದಿಂದ ವೇಗಕ್ಕೆ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಏರಿಸಿ ಸೋತವರೇ ಅಭ್ಯಾಸವನ್ನು ಕೈಬಿಡುವುದು.

ಅಭ್ಯಾಸ 5: ನಿಲುವು

ಮೂಲೆಯಲ್ಲಿ ಪಾದಗಳನ್ನು ಜೋಡಿಸಿ ಅರ್ಧ ನಿಮಿಷ ನಿಲ್ಲಿ. ಸುಲಭವಾದರೆ ಒಂದು ಪಾದವನ್ನು ಅರ್ಧ ಮುಂದಿಡಿ. ಅದೂ ಸುಲಭವಾದರೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಿಲ್ಲಿ. ಮುಂದಿನ ಹಂತದಲ್ಲಿ ಮತ್ತೆ ಪಾದ ಜೋಡಿಸಿ, ಕಣ್ಣು ಮುಚ್ಚಿ, ಹತ್ತು ಎಣಿಸುವವರೆಗೆ ನಿಲ್ಲಿ. ಕಣ್ಣು ಮುಚ್ಚಿದಾಗ ಒಳಕಿವಿ ಮತ್ತು ಪಾದಗಳು ಹೊಣೆ ಹೊರಲೇಬೇಕಾಗುತ್ತದೆ. ಕಣ್ಣಿನ ಮೇಲಿನ ಅತಿನೆಚ್ಚಿಕೆಯನ್ನು ಬಿಡಿಸುವುದು ಹೀಗೆಯೇ. ಕಡೆಯ ಹಂತದಲ್ಲಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಲ್ಲಿ. ಕಣ್ಣು ಮುಚ್ಚುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಅಭ್ಯಾಸ 6: ನಡಿಗೆ

ಜಗಲಿಯಲ್ಲಿ ಅಥವಾ ಅಂಗಳದಲ್ಲಿ ಹತ್ತು ಹೆಜ್ಜೆ ನೇರವಾಗಿ ನಡೆಯಿರಿ. ಮೂರು ಹೆಜ್ಜೆಗೊಮ್ಮೆ ತಲೆಯನ್ನು ಬಲಕ್ಕೆ, ಮತ್ತೆ ಮೂರಕ್ಕೆ ಎಡಕ್ಕೆ ತಿರುಗಿಸಿ. ಹೆಜ್ಜೆ ಓರೆಯಾಗದಿರಲಿ. ಮುಂದಿನ ವಾರ ಮೇಲೆ ಕೆಳಗೆ ನೋಡುತ್ತ ನಡೆಯಿರಿ. ಬಳಿಕ ಕೈಯಲ್ಲಿ ಖಾಲಿ ಬಿಂದಿಗೆ ಹಿಡಿದು ಅಥವಾ ಯಾರೊಡನಾದರೂ ಮಾತನಾಡುತ್ತ ನಡೆಯಿರಿ.

ಬಾಗಿಲಾಚೆಯ ಮೆಟ್ಟಿಲುಗಳು

ಮನೆಯೊಳಗಿನ ಅಭ್ಯಾಸವು ಹೊರಗಿನ ಬದುಕಿಗೆ ಒದಗಬೇಕು. ನಿಮಗೆ ತೊಂದರೆ ಕೊಡುವ ಸಂದರ್ಭಗಳನ್ನು ಸುಲಭವಾದದ್ದರಿಂದ ಕಷ್ಟದ್ದರವರೆಗೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ತಾಯಿ ಮಗನಿಂದ ಬರೆಯಿಸಿದ ಪಟ್ಟಿ ಹೀಗಿತ್ತು: ಜಗಲಿಯಲ್ಲಿ ಕುಳಿತು ರಸ್ತೆ ನೋಡುವುದು, ಅಂಗಡಿಯವರೆಗೆ ನಡೆಯುವುದು, ನಾಲೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ನೀರು ನೋಡುವುದು, ಬಸ್ಸಿನ ನಡುಸೀಟಿನಲ್ಲಿ ಎರಡು ನಿಲ್ದಾಣದ ಪಯಣ, ಕಿಟಕಿಯ ಪಕ್ಕದ ಪಯಣ, ಸಂತೆ, ಜಾತ್ರೆ. ಒಂದು ಮೆಟ್ಟಿಲಿನಲ್ಲಿ ತೊಂದರೆ ಎರಡಕ್ಕಿಂತ ಕೆಳಗಿಳಿದ ಮೇಲೆ ಮುಂದಿನದಕ್ಕೆ ಹೋಗಬೇಕು. ನಾಲೆಯ ಏರಿ, ಕೆರೆಯ ದಂಡೆ, ಚುಂಚನಕಟ್ಟೆಯ ಜಲಪಾತದ ಬಂಡೆಗಳಂಥ ಕಡೆ ಅಂಚಿಗೆ ಹೋಗಿ ಅಭ್ಯಾಸ ಮಾಡಲೇಬಾರದು. ದೂರದಲ್ಲಿ, ಜೊತೆಗೊಬ್ಬರನ್ನು ಇರಿಸಿಕೊಂಡು ಮಾತ್ರ. ತೊಂದರೆ ತಹಬಂದಿಗೆ ಬರುವವರೆಗೆ ದ್ವಿಚಕ್ರ ವಾಹನ, ಟ್ರ್ಯಾಕ್ಟರು ಓಡಿಸಬಾರದು. ಏಣಿ, ತೆಂಗಿನಮರ ಏರಬಾರದು.

ಕಾಲದ ಅಂದಾಜು ಹೀಗಿರಲಿ. ಮೊದಲ ಎರಡು ವಾರ 1, 2, 3ನೆಯ ಅಭ್ಯಾಸಗಳು ಮತ್ತು ಪಾದ ಜೋಡಿಸಿ ನಿಲ್ಲುವುದು. ಮೂರು, ನಾಲ್ಕನೆಯ ವಾರ ಕುಳಿತು ನೋಡುವ ಚಲಿಸುವ ದೃಶ್ಯಗಳು ಮತ್ತು ಜಗಲಿಯ ನಡಿಗೆ. ಐದು, ಆರನೆಯ ವಾರ ಅವುಗಳನ್ನೇ ನಿಂತು ನೋಡುವುದು. ಅಲ್ಲಿಂದ ಮುಂದೆ ಹೊರಗಿನ ಮೆಟ್ಟಿಲುಗಳು. ಆರರಿಂದ ಹನ್ನೆರಡು ವಾರಗಳಲ್ಲಿ ಹಲವರಿಗೆ ಗಣನೀಯ ಸುಧಾರಣೆ ಕಾಣುತ್ತದೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಮೊದಲ ವಾರ ತುಸು ಹೆಚ್ಚಾದಂತೆ ಅನಿಸುವುದು ಸಹಜ. ನಿದ್ರೆಗೆಟ್ಟ ದಿನ, ನೆಗಡಿ ಜ್ವರದ ದಿನ, ಚಿಂತೆಯ ದಿನ ಹಿಂದೆ ಸರಿದಂತಾಗುತ್ತದೆ; ಧೃತಿಗೆಡಬೇಕಿಲ್ಲ. ಆರು ವಾರಗಳಲ್ಲಿ ಏನೂ ಬದಲಾಗದಿದ್ದರೆ ಮರಳಿ ವೈದ್ಯರನ್ನು ಕಾಣಿರಿ.

ಆಹಾರ, ವಿಹಾರ, ಔಷಧಿ

ಹೊತ್ತು ಹೊತ್ತಿಗೆ ಊಟ, ಸಾಕಷ್ಟು ನೀರು, ರಾತ್ರಿ ಜಾಗರಣೆಯಿಲ್ಲದ ನಿದ್ರೆ ಈ ಮೂರನ್ನು ಕಾಯ್ದುಕೊಳ್ಳಬೇಕು. ತೊಂದರೆ ಇರುವಷ್ಟು ಕಾಲ ಕಠಿಣ ಉಪವಾಸ ಬೇಡ. ಅತಿ ಖಾರ, ಅತಿ ಹುಳಿ, ಪದೇಪದೇ ಕಾಫಿ ಟೀ, ಹೊಗೆಸೊಪ್ಪು ಪಿತ್ತ ವಾತಗಳನ್ನು ಕೆರಳಿಸುತ್ತವೆ. ವಾರಕ್ಕೆರಡು ಬಾರಿ ಎಳ್ಳೆಣ್ಣೆಯ ಅಭ್ಯಂಗ, ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕುವುದು ವಾತಶಮನಕ್ಕೆ ಹಿತ. ಎಣ್ಣೆ ಹಚ್ಚಿದ ಕಾಲಿನಲ್ಲಿ ನಡೆದು ಜಾರಬೇಡಿ, ಒರೆಸಿಕೊಂಡೇ ಏಳಿ. ಸಾಷ್ಟಾಂಗ ನಮಸ್ಕಾರದಿಂದ ಏಳುವಾಗ ಒಮ್ಮೆಗೇ ಏಳದೆ, ಮಂಡಿಯೂರಿ ಒಂದು ಗಳಿಗೆ ಕುಳಿತು ಏಳಿ.

ಔಷಧಿಯ ವಿಷಯದಲ್ಲಿ ಎರಡು ಎಚ್ಚರಿಕೆಯ ಮಾತು. ತಲೆಸುತ್ತನ್ನು ಮಂಕಾಗಿಸುವ ಮಾತ್ರೆಗಳು ತೀವ್ರ ತಿರುಗಾಟದ ಮೊದಲ ಎರಡು ಮೂರು ದಿನಗಳಿಗೆ ಉಪಕಾರಿ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ, ಅವು ಮಿದುಳಿನ ಕಲಿಕೆಯನ್ನೇ ನಿಧಾನಗೊಳಿಸಬಲ್ಲವು. ಈಗಾಗಲೇ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರನ್ನು ಕೇಳಬೇಕು. ಇನ್ನೊಂದು, ನಮ್ಮದೇ ಪದ್ಧತಿಯ ಬಗ್ಗೆ. ಗಿಡಮೂಲಿಕೆಯಾದ್ದರಿಂದ ತೊಂದರೆಯಿಲ್ಲವೆಂದು ಸರ್ಪಗಂಧದಂಥ ಔಷಧಿಯನ್ನು ಕೇಳಿದವರ ಮಾತಿನ ಮೇಲೆ ಸೇವಿಸುವವರಿದ್ದಾರೆ. ಅದು ರಕ್ತದೊತ್ತಡವನ್ನು ಇಳಿಸುತ್ತದೆ, ಮನಸ್ಸನ್ನು ಕುಗ್ಗಿಸಬಲ್ಲದು. ತಲೆಸುತ್ತನ್ನು ಹೆಚ್ಚಿಸಿ ಬೀಳಿಸಲೂಬಹುದು. ವೈದ್ಯರು ನಾಡಿ, ಒತ್ತಡ ನೋಡಿ ಕೊಟ್ಟದ್ದನ್ನಷ್ಟೇ ಸೇವಿಸಿ.

ಮನೆಯವರಿಗೆ ಒಂದು ಮಾತು

ಈ ತೊಂದರೆ ಹೊರಗೆ ಕಾಣುವುದಿಲ್ಲ. ಗಾಯವಿಲ್ಲ, ಊತವಿಲ್ಲ, ಚಿತ್ರ ತೆಗೆಸಿದರೆ ಅದರಲ್ಲಿಯೂ ಏನೂ ಇರದಿರಬಹುದು. ಹೀಗಾಗಿ ರೋಗಿಗೆ ತಲೆಸುತ್ತಿಗಿಂತ 'ಸುಮ್ಮನೆ ಹೇಳುತ್ತಾರೆ' ಎಂಬ ಮಾತೇ ಹೆಚ್ಚು ನೋವು ಕೊಡುತ್ತದೆ. ಅವರನ್ನು ಗದರಿಸಿ ಸಂತೆಗೆ ಎಳೆದೊಯ್ಯುವುದೂ ಸಲ್ಲದು, ಮರುಕದಿಂದ ಮನೆಯೊಳಗೆ ಕೂಡಿಹಾಕುವುದೂ ಸಲ್ಲದು. ಸೀರೆಯ ಸೆರಗನ್ನು ಅರ್ಧ ನಿಮಿಷ ಸರಿಸುವುದಕ್ಕೆ, ಕೊಡೆ ತಿರುಗಿಸುವುದಕ್ಕೆ, ಜಗಲಿಯಲ್ಲಿ ಜೊತೆಗೆ ನಡೆಯುವುದಕ್ಕೆ ದಿನಕ್ಕೆ ಹದಿನೈದು ನಿಮಿಷ ಕೊಡಿ. ಅದೇ ಅವರಿಗೆ ಸಲ್ಲುವ ಸೇವೆ.

ಆ ತಾಯಿಗೆ ಕೊಡೆ ತಿರುಗಿಸುತ್ತಿದ್ದವನು ಅವರ ಏಳು ವರ್ಷದ ಮೊಮ್ಮಗ. ಮೊದಲ ದಿನ ಹತ್ತು ಎಣಿಸುವಷ್ಟರಲ್ಲಿ ಅವರು ಕಣ್ಣು ಮುಚ್ಚಿಕೊಂಡರಂತೆ. ಮೂರನೆಯ ತಿಂಗಳಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕುಳಿತು ಕೃಷ್ಣರಾಜನಗರಕ್ಕೆ ಹೋಗಿ ಬಂದರು. ಮರುವರ್ಷದ ಜಾತ್ರೆಯಲ್ಲಿ ದಾಸೋಹದ ಸಾಲಿನಲ್ಲಿ ಅವರನ್ನು ಕಂಡೆ. ಪೂರ್ತಿ ಗುಣವಾಯಿತೇ ಎಂದು ಕೇಳಿದೆ. "ತೇರು ಎಳೆಯೋವಾಗ ಒಂಚೂರು ಓಲ್ತದೆ ಸ್ವಾಮಿ. ಪಾದ ನೆನೆಸ್ಕೊಂಡು ನಿಂತ್ಕತೀನಿ, ಹೋಯ್ತದೆ" ಎಂದರು. ನಾಲೆಯ ಸೇತುವೆಯನ್ನು ಈಗಲೂ ಅವರು ಮಗನ ಜೊತೆಯಲ್ಲಿಯೇ ದಾಟುತ್ತಾರೆ. ಆದರೆ ದಾಟುತ್ತಾರೆ, ಬುತ್ತಿಯೂ ಅವರ ತಲೆಯ ಮೇಲೆಯೇ ಇರುತ್ತದೆ.

ಇಂಥ ತೊಂದರೆಯಿಂದ ಮನೆಯೊಳಗೇ ಉಳಿದವರು ನಿಮ್ಮ ಬಳಗದಲ್ಲಿ ಇದ್ದರೆ ಅವರಿಗೆ ಈ ಲೇಖನವನ್ನು ಓದಿ ಹೇಳಿ. ಓದುವ ಸಾಲುಗಳೂ ಅವರ ಕಣ್ಣಿಗೆ ಓಡುತ್ತಿರಬಹುದು. ಮೊದಲು ವೈದ್ಯರನ್ನು ಕಾಣಿಸಿ. ಬಳಿಕ ಮೊದಲನೆಯ ಅಭ್ಯಾಸವನ್ನು ಅವರ ಪಕ್ಕ ಕುಳಿತು ನೀವೂ ಮಾಡಿ.